ಮನೆಯೊಳಗೊಂದು ಹಗೇವು

ದೀಪಾವಳಿ ಪಾಡ್ಯ ಕಳೆದು ಒಂದೆರಡು ವಾರ ಹಾವೇರಿ ಸೀಮೆಯ ಯಾವ ಮನೆಗೆ ಹೋದರೂ ಮೊಬೈಲಿನಲ್ಲಿ ಹೋರಿ ಓಡುತ್ತಿರುತ್ತದೆ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು, ಎರಡೂ ಬದಿ ಕೇಕೆ ಹಾಕುವ ಜನ. ಒಂದೊಂದು ಹೋರಿಗೂ ಒಂದು ಹೆಸರು, ಒಂದು ಅಭಿಮಾನಿ ಬಳಗ. ಅದೇ ವಿಡಿಯೊವನ್ನು ಮೂರು ತಿಂಗಳ ಮೇಲೆ ಕೇಳಿ ನೋಡಿ. "ಮೆಮೊರಿ ಫುಲ್ ಆಗಿತ್ರಿ, ಡಿಲೀಟ್ ಮಾಡಿದೆ. ವಾಟ್ಸ್ಆ್ಯಪ್‌ನ್ಯಾಗ ಐತಿ, ತಗೋರಿ" ಅನ್ನುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಉಳಿದಿರುವುದು ರಸ ಹಿಂಡಿದ ಕಬ್ಬಿನ ಸಿಪ್ಪೆ. ದೊಡ್ಡ ಟಿವಿಗೆ ಹಾಕಿದರೆ ಹೋರಿ ಯಾವುದು, ಧೂಳು ಯಾವುದು ತಿಳಿಯುವುದಿಲ್ಲ.

ನನ್ನ ಕಥೆಯೂ ಬೇರೆಯಲ್ಲ. ಅಪ್ಪನ ಭಜನಾ ತಂಡದ ಹನ್ನೆರಡು ಕ್ಯಾಸೆಟ್, ಅಕ್ಕನ ಮದುವೆಯ ವಿಎಚ್‌ಎಸ್ ಟೇಪು ಎಲ್ಲವನ್ನೂ ವಾರಗಟ್ಟಲೆ ಕೂತು ಕಂಪ್ಯೂಟರಿಗೆ ಇಳಿಸಿ, 1 ಟಿಬಿಯ ಒಂದೇ ಹಾರ್ಡ್ ಡಿಸ್ಕಿಗೆ ತುಂಬಿ, 'ಇನ್ನು ನಿಶ್ಚಿಂತೆ' ಎಂದು ಟಿವಿಯ ಪಕ್ಕ ಇಟ್ಟಿದ್ದೆ. ಕಸ ಗುಡಿಸುವಾಗ ವೈರು ಪೊರಕೆಗೆ ಸಿಕ್ಕು ಡಿಸ್ಕು ಕೆಳಗೆ ಬಿತ್ತು. ಮತ್ತೆ ಹಚ್ಚಿದಾಗ ಒಳಗಿನಿಂದ ಟಕ್ ಟಕ್ ಸದ್ದು. ಆ ಸದ್ದು ಕೇಳಿದವರಿಗೆ ಗೊತ್ತು, ಅದು ಹೆಚ್ಚು ಕಡಿಮೆ ಶಂಖದ ಸದ್ದೇ. ರಿಪೇರಿಗೆ ಕಳಿಸಿದರೆ ಅರ್ಧ ಸಿಕ್ಕಿತು. ಕ್ಯಾಸೆಟ್ಟುಗಳ ರೀಲು ಅಷ್ಟರಲ್ಲಿ ಅಂಟಿಕೊಂಡಿತ್ತು.

ನಮ್ಮ ಹಳೆಯ ಮನೆಗಳಲ್ಲಿ ಜೋಳ ಇಡುವ ಕ್ರಮ ನೆನಪಿರುವವರಿಗೆ ನಾನು ಹೇಳಹೊರಟಿದ್ದು ತಟ್ಟನೆ ತಿಳಿಯುತ್ತದೆ. ದಿನದ ರೊಟ್ಟಿಗೆ ಬೇಕಾದ ಜೋಳ ಅಡುಗೆಮನೆಯ ಗುಡಾಣದಲ್ಲಿ. ವರ್ಷದ ಜೋಳ ಹಗೇವಿನಲ್ಲಿ, ನೆಲದೊಳಗೆ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ. ಬಿತ್ತನೆಯ ಬೀಜ ಎರಡಕ್ಕೂ ಸೇರದೆ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಬೇರೆಯೇ. ಬರಗಾಲದಲ್ಲೂ ಬೀಜದ ಗಡಿಗೆಗೆ ಕೈ ಹಾಕುತ್ತಿರಲಿಲ್ಲ. ಟಿವಿಯಲ್ಲಿ ನೋಡುವ ಸಿನಿಮಾ, ಹಾಡು, ವಿಡಿಯೊ ಗುಡಾಣದ ಜೋಳ. ಮನೆಯವರೆಲ್ಲರ ಫೋಟೊ, ಕಾಗದಪತ್ರ ಒಟ್ಟಾಗಿ ಸೇರುವ ಜಾಗ ಹಗೇವು. ಮನೆಯ ಹೊರಗಿಟ್ಟ ಇನ್ನೊಂದು ಪ್ರತಿ ಬೀಜ. ಇಂಗ್ಲಿಷಿನಲ್ಲಿ ಇದನ್ನೇ 3-2-1 ಸೂತ್ರ ಎನ್ನುತ್ತಾರೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ ಇದನ್ನು ಜನಪ್ರಿಯ ಮಾಡಿದ. ಗುಡಾಣ, ಹಗೇವು ಎರಡನ್ನೂ ಒಂದೇ ಯಂತ್ರದಲ್ಲಿ ಇಡಬಹುದು, ತಪ್ಪಿಲ್ಲ. ಬೀಜವನ್ನೂ ಅದರಲ್ಲೇ ಇಟ್ಟರೆ ನನ್ನ ಗತಿ.

ಯಾವ ಯಂತ್ರ?

ಅಂಗಡಿಯವರು ಮೊದಲು ತೋರಿಸುವುದು ನಾಸ್ ಪೆಟ್ಟಿಗೆ. ನಾಸ್ ಎಂದರೆ ನೆಟ್‌ವರ್ಕಿಗೆ ಸಿಕ್ಕಿಸಿದ ಡಿಸ್ಕಿನ ಪೆಟ್ಟಿಗೆ. ಮನೆಯ ಎಲ್ಲ ಮೊಬೈಲು, ಟಿವಿ, ಕಂಪ್ಯೂಟರಿನಿಂದ ಫೈಲುಗಳನ್ನು ಅದರೊಳಗೆ ಇಡಬಹುದು, ಅದರಿಂದ ತೆಗೆಯಬಹುದು. ಸಿನಾಲಜಿ, ಕ್ಯೂನ್ಯಾಪ್ ಮೊದಲಾದ ಕಂಪನಿಗಳ ಎರಡು ಡಿಸ್ಕಿನ ಪೆಟ್ಟಿಗೆಗಳು ಒಳ್ಳೆಯವೇ. ಆದರೆ ಬಹುಪಾಲು ಖಾಲಿ ಬರುತ್ತವೆ, ಡಿಸ್ಕು ಬೇರೆ ಕೊಳ್ಳಬೇಕು. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಬೇರೆ: ಮನೆಯಲ್ಲಿ ಮೂಲೆ ಸೇರಿದ ಲ್ಯಾಪ್‌ಟಾಪ್ ಇದೆಯೇ ನೋಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ವಿಂಡೋಸ್ 11 ಒಪ್ಪದ ಎಷ್ಟೋ ಲ್ಯಾಪ್‌ಟಾಪುಗಳು ಹೀಗೆ ಕೂತಿವೆ. ಅದಕ್ಕೆ ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಹಾಕಿದರೆ ಇನ್ನೂ ನಾಲ್ಕಾರು ವರ್ಷ ದುಡಿಯುತ್ತದೆ. ದೊಡ್ಡ ಲಾಭವೆಂದರೆ ಅದರ ಬ್ಯಾಟರಿ. ಕರೆಂಟು ಹೋದರೆ ಅದೇ ಯುಪಿಎಸ್. ಬ್ಯಾಟರಿ ಉಬ್ಬಿದ್ದರೆ ಮಾತ್ರ ಮೊದಲು ತೆಗೆಸಿ, ಅದರೊಂದಿಗೆ ಆಟ ಬೇಡ.

ಹೊಸದೇ ಬೇಕೆಂದರೆ ಇಂಟೆಲ್ ಎನ್100 ಚಿಪ್ ಇರುವ ಅಂಗೈಯಗಲದ ಮಿನಿ ಪಿಸಿ ಸಾಕು. ರಾಸ್ಪ್‌ಬೆರಿ ಪೈ ಕೊಳ್ಳುವ ಆಸೆ ಹುಡುಗರಿಗೆ ಇರುತ್ತದೆ. ಫೈಲು ಇಡಲು ಅದು ಸರಿ, ವಿಡಿಯೊ ಪರಿವರ್ತನೆಗೆ ದುರ್ಬಲ.

ಡಿಸ್ಕಿನ ದರ ಬರೆಯಲು ಹೋಗುವುದಿಲ್ಲ. ಅದು ಬ್ಯಾಡಗಿ ಮೆಣಸಿನಕಾಯಿ ದರದ ಹಾಗೆ, ಲೇಖನ ಅಚ್ಚಾಗುವಷ್ಟರಲ್ಲಿ ಬೇರೆಯಾಗಿರುತ್ತದೆ. ಅಳತೆಯ ಲೆಕ್ಕ ಹೇಳಬಹುದು. ಈಗಿನ ಮೊಬೈಲಿನಲ್ಲಿ 4ಕೆ ವಿಡಿಯೊ ಒಂದು ನಿಮಿಷಕ್ಕೆ ಸುಮಾರು 170ರಿಂದ 400 ಎಂಬಿ ತಿನ್ನುತ್ತದೆ. ಹೋರಿ ಹಬ್ಬದ ಒಂದು ತಾಸಿನ ಚಿತ್ರೀಕರಣಕ್ಕೆ 10ರಿಂದ 24 ಜಿಬಿ ಬೇಕು. ನಾಲ್ಕು ಜನರ ಮನೆಗೆ 4 ಟಿಬಿ ಡಿಸ್ಕು ಕೆಲವು ವರ್ಷ ಸಾಕಾಗುತ್ತದೆ. ಹಚ್ಚಿದಾಗ ವಿಂಡೋಸಿನಲ್ಲಿ 3.63 ಎಂದು ಕಂಡರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಅಳೆಯುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಕೊಳ್ಳುವಾಗ ಸಿಎಂಆರ್ ಡಿಸ್ಕು ಬೇಕೆಂದು ಕೇಳಿ. ಎಸ್‌ಎಂಆರ್ ಡಿಸ್ಕಿನಲ್ಲಿ ಬರಹದ ಗೆರೆಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು, ಹಾಗಾಗಿ ನಿಧಾನ.

ಎರಡು ಡಿಸ್ಕಿನ ಪೆಟ್ಟಿಗೆ ಕೊಂಡವರು 'ರೇಡ್ 1' ಎಂಬ ಕನ್ನಡಿ ವ್ಯವಸ್ಥೆ ಹಾಕಿಸಿ ನಿಶ್ಚಿಂತರಾಗುತ್ತಾರೆ. ಒಂದಕ್ಕೆ ಬರೆದದ್ದು ಇನ್ನೊಂದಕ್ಕೂ ಆ ಕ್ಷಣವೇ ಬರೆಯುತ್ತದೆ. ಒಂದು ಡಿಸ್ಕು ಸತ್ತರೆ ಕೆಲಸ ನಿಲ್ಲುವುದಿಲ್ಲ, ನಿಜ. ಆದರೆ ತಮ್ಮನ ಮಗ ಮದುವೆಯ ಫೋಲ್ಡರ್ ಅಳಿಸಿದನೆಂದರೆ ಎರಡೂ ಕನ್ನಡಿಯಲ್ಲಿ ಅಳಿಯುತ್ತದೆ. ರೇಡ್ ಬ್ಯಾಕಪ್ ಅಲ್ಲ ಎಂದು ತಿಳಿದವರು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಗೋಡೆ, ವೈರು, ವೈಫೈ

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳ ಮಣ್ಣಿನ ಗೋಡೆ ಒಂದೂವರೆ ಮೊಳ ದಪ್ಪ. ಬೇಸಿಗೆಯಲ್ಲಿ ತಂಪು, ವೈಫೈಗೆ ಮಾತ್ರ ಕೋಟೆ. ರೌಟರಿನ 5 ಗಿಗಾಹರ್ಟ್ಸ್ ಸಂಕೇತ ವೇಗವಾದರೂ ಗೋಡೆ ದಾಟಲು ಹೆಣಗುತ್ತದೆ, 2.4 ದಾಟುತ್ತದೆ, ನಿಧಾನ. ಪಡಸಾಲೆಯಲ್ಲಿ ರೌಟರು, ಒಳಕೋಣೆಯಲ್ಲಿ ಟಿವಿ ಇಟ್ಟು 'ನೆಟ್ ಸರಿಯಿಲ್ಲ' ಎಂದು ಕಂಪನಿಗೆ ಬಯ್ಯುವವರ ಮನೆಯಲ್ಲಿ ತಪ್ಪು ಹೆಚ್ಚಾಗಿ ಗೋಡೆಯದು.

ಇದಕ್ಕೆ ವೈರಿಗಿಂತ ಒಳ್ಳೆಯ ಮದ್ದಿಲ್ಲ. ಕ್ಯಾಟ್ 6 ಕೇಬಲ್ ತಂದು, ತೊಲೆಯ ಬದಿಯಿಂದ ಪಿವಿಸಿ ಪೈಪಿನೊಳಗೆ ಎಳೆಸಿ. ಪೈಪು ಅಂದಕ್ಕಲ್ಲ, ಇಲಿಗೆ. ಅಗ್ಗದ ಕೇಬಲ್ಲಿನಲ್ಲಿ ತಾಮ್ರದ ಹೊದಿಕೆಯ ಅಲ್ಯೂಮಿನಿಯಂ ಇರುತ್ತದೆ; ತುದಿ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಬೇಡ. ರೌಟರು ಮತ್ತು ನಾಸ್ ನಡುವೆ ಗಿಗಾಬಿಟ್ ಸಂಪರ್ಕ ಇದ್ದರೆ ಸೆಕೆಂಡಿಗೆ ಸುಮಾರು 110 ಎಂಬಿ ಹರಿಯುತ್ತದೆ. 100 ಎಂಬಿಪಿಎಸ್ ಪೋರ್ಟಿಗೆ ಸಿಕ್ಕಿಸಿದರೆ 12 ಎಂಬಿ ಕೂಡ ಕಷ್ಟ. ನೆಟ್ ಕಂಪನಿ ಕೊಟ್ಟ ಡಬ್ಬಿಯಲ್ಲಿ ಕೆಲವೊಮ್ಮೆ ಒಂದೇ ಪೋರ್ಟು ಗಿಗಾಬಿಟ್ ಇರುತ್ತದೆ. ಅದು ಯಾವುದೆಂದು ಕೇಳಿಕೊಂಡು ನಾಸ್ ಅಲ್ಲಿಗೆ ಹಚ್ಚಿ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಮನೆಯ ನಾಸ್‌ನಿಂದ ಮನೆಯ ಟಿವಿಗೆ ಸಿನಿಮಾ ಹರಿಯಲು ಇಂಟರ್ನೆಟ್ ಬೇಕಿಲ್ಲ. ಹೊರಗಿನ ಫೈಬರ್ ಕಡಿದುಹೋದ ದಿನವೂ ರೌಟರು ಬದುಕಿದ್ದರೆ ಟಿವಿಯಲ್ಲಿ ಅಕ್ಕನ ಮದುವೆ ನಡೆಯುತ್ತದೆ.

ಟಿವಿಗೆ ಹರಿಸುವುದು

ನಾನು ಬಳಸುವುದು ಜೆಲ್ಲಿಫಿನ್. 2018ರಲ್ಲಿ ಎಂಬಿ (Emby) ಎಂಬ ತಂತ್ರಾಂಶ ತನ್ನ ಮೂಲ ಸಂಕೇತವನ್ನು ಮುಚ್ಚಿಕೊಂಡಾಗ ಅದರಿಂದ ಸಿಡಿದು ಬಂದ ಮುಕ್ತ ತಂತ್ರಾಂಶ ಇದು, ಪೂರ್ತಿ ಉಚಿತ. ಇದೇ ಕೆಲಸ ಮಾಡುವ ಪ್ಲೆಕ್ಸ್ ನೋಡಲು ಇನ್ನೂ ಚೆಂದ. ಆದರೆ 2025ರ ಏಪ್ರಿಲ್ ಕೊನೆಯಿಂದ ನಿಮ್ಮದೇ ವಿಡಿಯೊವನ್ನು ಮನೆಯ ಹೊರಗಿನಿಂದ ನೋಡಲು ಅದು ಹಣ ಕೇಳುತ್ತದೆ.

ಲ್ಯಾಪ್‌ಟಾಪಿಗೆ ಜೆಲ್ಲಿಫಿನ್ ಸರ್ವರ್ ಹಾಕಿದ ಮೇಲೆ, ಅದೇ ವೈಫೈಯಲ್ಲಿರುವ ಯಾವುದೇ ಬ್ರೌಸರಿನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ ಬರೆದು, ಮುಂದೆ ಕೋಲನ್ ಹಾಕಿ 8096 ಎಂದು ಒತ್ತಿದರೆ ಪುಟ ತೆರೆಯುತ್ತದೆ. ಐಪಿ ದಿನಕ್ಕೊಂದಾಗದಂತೆ ರೌಟರಿನ ಸೆಟ್ಟಿಂಗಿನಲ್ಲಿ ಆ ವಿಳಾಸವನ್ನು ಲ್ಯಾಪ್‌ಟಾಪಿಗೇ ಕಾಯ್ದಿರಿಸಿ. ಇದನ್ನು ಮಾಡದೆ ವಾರದ ಮೇಲೆ 'ಕೆಟ್ಟುಹೋತು' ಎಂದು ಫೋನ್ ಮಾಡಿದವರು ನನಗೆ ಇಬ್ಬರು ಸಿಕ್ಕಿದ್ದಾರೆ.

ಸಿನಿಮಾಗಳಿಗೆ ಒಂದೊಂದು ಫೋಲ್ಡರ್ ಮಾಡಿ, ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಆವರಣದೊಳಗೆ ಇಸವಿ ಹಾಕಿ. 'ಬಂಗಾರದ ಮನುಷ್ಯ'ಕ್ಕೆ 1972 ಎಂದು ಬರೆದರೆ ಪೋಸ್ಟರ್, ನಟರ ಪಟ್ಟಿ ತಾನೇ ಬಂದು ಕೂರುತ್ತದೆ. ಮನೆಯ ವಿಡಿಯೊಗಳಿಗೆ ಬೇರೆ ವಿಭಾಗ ಮಾಡಿ, ಹೆಸರನ್ನು ಇಸವಿಯಿಂದ ಶುರುಮಾಡಿ: '2023 ಹೋರಿ ಹಬ್ಬ', '1996 ಅಕ್ಕನ ಮದುವೆ'. ಒಂದೇ ಕಡೆ ಸುರಿದರೆ ಸೋದರಮಾವನ ಗೃಹಪ್ರವೇಶಕ್ಕೆ ಯಾವುದೋ ಹಾಲಿವುಡ್ ಪೋಸ್ಟರ್ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಆಗಿದೆ, ಮಾವನಿಗೆ ಖುಷಿಯೇ ಆಯಿತು.

ವಿಡಿಯೊ ತಡೆತಡೆದು ಓಡಿದರೆ ಕಾರಣ ಹೆಚ್ಚಾಗಿ ಪರಿವರ್ತನೆ. ಹೊಸ ಮೊಬೈಲು ಎಚ್‌ಇವಿಸಿ ಎಂಬ ಬಿಗಿ ರೂಪದಲ್ಲಿ ವಿಡಿಯೊ ಬರೆಯುತ್ತದೆ. ಹಳೆಯ ಟಿವಿಗೆ ಅದು ಅರ್ಥವಾಗದಿದ್ದರೆ ಸರ್ವರ್ ಆ ಕ್ಷಣದಲ್ಲೇ ಬಿಡಿಸಿ ಹೊಸದಾಗಿ ಬರೆದು ಕೊಡಬೇಕು, ಹಳೆಯ ಲ್ಯಾಪ್‌ಟಾಪಿಗೆ ಬೆವರು ಬರುತ್ತದೆ. ಟಿವಿಗೆ ಒಂದು ಆಂಡ್ರಾಯ್ಡ್ ಸ್ಟಿಕ್ ಹಚ್ಚಿದರೆ ಬಹಳ ಸಲ ಈ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಹಾಂ, ಒಟಿಟಿ ಆ್ಯಪಿನ ಒಳಗೆ ಡೌನ್‌ಲೋಡ್ ಮಾಡಿದ್ದು ಬೀಗ ಹಾಕಿದ ಸರಕು. ಅದು ಇಲ್ಲಿಗೆ ಬರುವುದಿಲ್ಲ, ತರುವ ದಾರಿ ಹುಡುಕುವುದೂ ಬೇಡ.

ಫೋಟೊಗಳು

2021ರ ಜೂನ್ 1ರವರೆಗೆ ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ತುಂಬಬಹುದಿತ್ತು. ಆಮೇಲೆ ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ಅದು ತುಂಬಿದ ದಿನವೇ ಜನ ಹಳೆಯ ಫೋಟೊ ಅಳಿಸಲು ಕೂರುತ್ತಾರೆ. ಬದಲಿಗೆ ಇಮಿಚ್ ಎಂಬ ಮುಕ್ತ ತಂತ್ರಾಂಶವನ್ನು ನಿಮ್ಮ ಸರ್ವರಿಗೆ ಹಾಕಿ. ಮನೆಗೆ ಬಂದು ವೈಫೈಗೆ ಸೇರಿದೊಡನೆ ಮೊಬೈಲಿನ ಹೊಸ ಫೋಟೊಗಳು ತಾವೇ ಹೋಗಿ ಸೇರುತ್ತವೆ. ಮುಖ ಗುರುತಿಸಿ ಅವ್ವನ ಫೋಟೊ ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ. ಇದಕ್ಕೆ 8 ಜಿಬಿ ರ್ಯಾಮ್ ಇದ್ದರೆ ಹಾಯಾಗಿರುತ್ತದೆ.

ಸಿಂಕ್ ಮತ್ತು ಬ್ಯಾಕಪ್ ಒಂದೇ ಎಂದು ತಿಳಿದು ಕೆಟ್ಟವರು ಬಹಳ. ಸಿಂಕ್ ಎಂದರೆ ಎರಡೂ ಕಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು: ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಬ್ಯಾಕಪ್ಪಿನಲ್ಲಿ ನಿನ್ನೆಯದು, ಹೋದ ತಿಂಗಳದ್ದು ಬೇರೆ ಬೇರೆಯಾಗಿ ಉಳಿದಿರಬೇಕು. ಸಿಂಕ್‌ಥಿಂಗ್ ಬಳಸುವವರು ಅದರೊಳಗಿನ ಹಳೆಯ ಆವೃತ್ತಿ ಉಳಿಸುವ ಆಯ್ಕೆಯನ್ನು ಒತ್ತಿಯೇ ಮುಂದುವರಿಯಿರಿ. ಲಿನಕ್ಸ್ ಬಲ್ಲವರು ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಹಾಕಿ ರಾತ್ರಿ ಎರಡು ಗಂಟೆಗೆ ಓಡಿಸಬಹುದು. ಬದಲಾದದ್ದನ್ನಷ್ಟೇ ಎತ್ತಿಕೊಂಡು, ಬೀಗ ಹಾಕಿ ಇಡುತ್ತದೆ.

ಒಂದೇ ಹಳಿಯ ಮೂರು ನಿಲ್ದಾಣ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ಒಂದೇ ರೈಲು ಹಳಿಯ ಮೇಲಿವೆ. ನನ್ನ ಬೀಜದ ಗಡಿಗೆ ರಾಣೆಬೆನ್ನೂರಿನ ಅಕ್ಕನ ಮನೆಯಲ್ಲಿದೆ, ಭಾವನ ಗಡಿಗೆ ನಮ್ಮ ಮನೆಯಲ್ಲಿ. ಬೀಜೋತ್ಪಾದನೆಯ ಊರಿನವರಿಗೆ ಬೀಜ ಬೇರೆ ಇಡಬೇಕೆಂದು ನಾನು ಕಲಿಸಬೇಕಾಗಲಿಲ್ಲ.

ಮೊದಲ ಪ್ರತಿಯನ್ನು ನೆಟ್ ಮೂಲಕ ಕಳಿಸಲು ಹೋಗಬೇಡಿ. 30 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ 1 ಟಿಬಿ ಹೋಗಲು ಎಡೆಬಿಡದೆ ಮೂರು ದಿನ ಬೇಕು. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟು ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಕ್ಕನ ಮನೆ. ಆಮೇಲಿನ ದಿನದಿನದ ಸಣ್ಣ ಬದಲಾವಣೆ ನೆಟ್‌ನಲ್ಲಿ ಹೋಗಲಿ. ನೆಟ್ ಬೇಡವೆನ್ನುವವರು ಎರಡು ಡಿಸ್ಕು ಇಟ್ಟುಕೊಂಡು ಹಬ್ಬಕ್ಕೊಮ್ಮೆ ಅದಲುಬದಲು ಮಾಡಿದರೂ ಸಾಕು. ಡಿಸ್ಕಿಗೆ ಪಾಸ್‌ವರ್ಡಿನ ಬೀಗ ಇರಲಿ. ಬೀಗರೆಂದ ಮಾತ್ರಕ್ಕೆ ಎಲ್ಲ ತೋರಿಸಬೇಕೆಂದಿಲ್ಲ. ವರ್ಷಗಟ್ಟಲೆ ಕಪಾಟಿನಲ್ಲಿ ಇಡುವುದಕ್ಕೆ ಎಸ್‌ಎಸ್‌ಡಿ, ಪೆನ್‌ಡ್ರೈವ್ ನೆಚ್ಚಬೇಡಿ, ಕರೆಂಟಿಲ್ಲದೆ ಬಹಳ ಕಾಲ ಬಿಟ್ಟರೆ ಅವು ಮರೆಯುತ್ತವೆ.

ಊರು ಬೇರೆ ಯಾಕೆ ಬೇಕು? 2019ರ ಆಗಸ್ಟಿನ ಮಳೆಯಲ್ಲಿ ಈ ಜಿಲ್ಲೆಯಲ್ಲಿ ಬಿದ್ದ ಮಣ್ಣಿನ ಮನೆಗಳನ್ನು ನೆನೆಯಿರಿ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದ ಸಿಟ್ಟಿಗೆ ಬ್ಯಾಡಗಿ ಎಪಿಎಂಸಿಯಲ್ಲಿ ಕಚೇರಿಗೆ ಕಲ್ಲು ಬಿದ್ದು ವಾಹನಗಳು ಹೊತ್ತಿ ಉರಿದವು. ಒಂದೇ ಚಾವಣಿಯ ಕೆಳಗೆ ಮೂರು ಪ್ರತಿ ಇದ್ದರೂ ಲೆಕ್ಕಕ್ಕೆ ಒಂದೇ.

ಹೊರಗಿನಿಂದ ಮನೆಯ ನಾಸ್ ತಲುಪಬೇಕೆಂದು ಕೆಲವರು ರೌಟರಿನಲ್ಲಿ ಪೋರ್ಟ್ ತೆರೆದಿಡುತ್ತಾರೆ. ಅದು ಹಿತ್ತಲ ಬಾಗಿಲು ತೆಗೆದಿಟ್ಟು ಜಾತ್ರೆಗೆ ಹೋದ ಹಾಗೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಹೀಗೆ ನೇರ ಇಂಟರ್ನೆಟ್ಟಿಗೆ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಅಲ್ಲದೆ ಒಂದೇ ಹೊರ ವಿಳಾಸವನ್ನು ನೂರಾರು ಮನೆಗೆ ಹಂಚುವ ನೆಟ್ ಸೇವೆಗಳಲ್ಲಿ ಪೋರ್ಟ್ ತೆರೆದರೂ ಕೆಲಸ ಆಗುವುದಿಲ್ಲ. ಟೇಲ್‌ಸ್ಕೇಲ್ ಹಾಕಿಕೊಳ್ಳಿ. ಮನೆಯ ಬಳಕೆಗೆ ಉಚಿತ. ನಿಮ್ಮ ಸಾಧನಗಳ ನಡುವೆ ಮಾತ್ರ ಗುಪ್ತ ಸುರಂಗ ತೋಡಿಕೊಡುತ್ತದೆ. ಅಕ್ಕನ ಮನೆಯ ಡಿಸ್ಕಿಗೆ ನನ್ನ ರಾತ್ರಿಯ ಪ್ರತಿ ಹೋಗುವುದು ಈ ದಾರಿಯಲ್ಲೇ.

ಕರೆಂಟು, ಸೆಕೆ, ಘಾಟು

15 ವ್ಯಾಟ್ ಎಳೆಯುವ ಲ್ಯಾಪ್‌ಟಾಪು ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 11 ಯೂನಿಟ್. ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆ ಇರುವ ಮನೆಯವರು ಇದನ್ನು ಲೆಕ್ಕ ಹಾಕಬೇಕು. 2022–23ರಲ್ಲಿ ಸರಾಸರಿ 60 ಯೂನಿಟ್ ಸುಟ್ಟ ಮನೆಗೆ ಶೇ 10 ಸೇರಿ 66 ಯೂನಿಟ್ ಉಚಿತ, ಮೇಲಿನದಕ್ಕೆ ಹೆಸ್ಕಾಂ ದುಡ್ಡು ಕೇಳುತ್ತದೆ. ಬೇಕಿದ್ದರೆ ರಾತ್ರಿ ಮಾತ್ರ ಓಡಿಸಿ, ಏನೂ ನಷ್ಟವಿಲ್ಲ.

ಇನ್ವರ್ಟರ್ ಇರುವವರು ಅದರ ಹಿಂದಿನ ಗುಂಡಿ ಯುಪಿಎಸ್ ಮೋಡಿನಲ್ಲಿದೆಯೇ ನೋಡಿ. ಇಲ್ಲದಿದ್ದರೆ ಕರೆಂಟು ಹೋದ ಕ್ಷಣದ ವಿರಾಮಕ್ಕೇ ನಾಸ್ ಪೆಟ್ಟಿಗೆ ಬಿದ್ದೆದ್ದು, ಡಿಸ್ಕಿನ ಬರಹ ಅರ್ಧಕ್ಕೆ ನಿಲ್ಲುತ್ತದೆ. ರೌಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಮುಂಗಾರಿಗೆ ಮೊದಲಿನ ಗುಡುಗಿನ ದಿನಗಳಲ್ಲಿ ಪ್ಲಗ್ಗು ಕೀಳುವುದು ಈಗಲೂ ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ.

ಇಡುವ ಜಾಗ? ಅಟ್ಟ ಬೇಡ, ಬೇಸಿಗೆಯಲ್ಲಿ ಅಲ್ಲಿ ಹಪ್ಪಳ ಸುಡಬಹುದು. ಬಚ್ಚಲ ಪಕ್ಕ ಬೇಡ. ದೇವರ ಕೋಣೆಯ ಗೂಡೂ ಬೇಡ, ಎಣ್ಣೆದೀಪದ ಮಸಿ ಫ್ಯಾನಿಗೆ ಅಂಟುತ್ತದೆ. ಬ್ಯಾಡಗಿಯವರಿಗೆ ಇನ್ನೊಂದು ಕಷ್ಟ: ಮೆಣಸಿನಕಾಯಿ ಸುಗ್ಗಿಯಲ್ಲಿ ಊರೆಲ್ಲ ಘಾಟು. ಜನ ಸೀನುತ್ತಾರೆ, ಯಂತ್ರಕ್ಕೆ ಸೀನಲು ಬರುವುದಿಲ್ಲ. ನುಣ್ಣನೆಯ ಕೆಂಪು ಧೂಳು ಫ್ಯಾನಿನ ರೆಕ್ಕೆಗೆ ಮೆತ್ತಿಕೊಂಡು ಒಳಗೆ ಕಾಯುತ್ತದೆ. ಅಂಗಡಿಯಲ್ಲಿ ಇಡುವುದಾದರೆ ಫ್ಯಾನಿಲ್ಲದ ಮಿನಿ ಪಿಸಿ ನೋಡಿ, ಇಲ್ಲವೇ ತಿಂಗಳಿಗೊಮ್ಮೆ ಬ್ಲೋವರ್ ಹಿಡಿಸಿ. ಹಿಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ದಲಾಲಿ ಅಂಗಡಿಯವರಿಗೆ ಒಂದು ಮಾತು. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕೆಂಬುದು ಕಾನೂನು. ಪೇಟೆ ನಡೆಯುವ ಸೋಮವಾರ, ಗುರುವಾರ ರಾತ್ರಿ ಲೆಕ್ಕದ ತಂತ್ರಾಂಶ ಟ್ಯಾಲಿಯನ್ನು ಪೂರ್ತಿ ಮುಚ್ಚಿ, ಆಮೇಲೆ ಬ್ಯಾಕಪ್ ತೆಗೆಯಿರಿ. ತೆರೆದಿದ್ದಾಗ ಫೋಲ್ಡರ್ ನಕಲು ಮಾಡಿದರೆ ನಕಲು ಅರೆಬರೆ ಬಂದೀತು, ಅದು ಬಯಲಾಗುವುದು ಬೇಕಾದ ದಿನವೇ.

ಹಗೇವು ತೆಗೆಯುವಾಗ ಯಾರೂ ಮೊದಲೇ ಒಳಗೆ ಇಳಿಯುತ್ತಿರಲಿಲ್ಲ. ಕಲ್ಲು ಸರಿಸಿ, ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ. ಬ್ಯಾಕಪ್ಪಿಗೂ ದೀಪ ಇಳಿಸಬೇಕು. ನಾನು ಆಯುಧ ಪೂಜೆಯ ದಿನ ಇಟ್ಟುಕೊಂಡಿದ್ದೇನೆ, ಹೇಗೂ ಎಲ್ಲ ಯಂತ್ರ ಒರೆಸುವ ದಿನ. ಮೂರು ಪ್ರತಿಯಿಂದಲೂ ಯಾವುದಾದರೂ ಐದು ಫೈಲು, ಒಂದು ಹಳೆಯದು, ಒಂದು ದೊಡ್ಡದು ಸೇರಿಸಿ, ಬೇರೆ ಕಂಪ್ಯೂಟರಿಗೆ ಇಳಿಸಿ ತೆರೆದು ನೋಡುತ್ತೇನೆ. ಹೋದ ವರ್ಷ ಅಕ್ಕನ ಮನೆಯ ಡಿಸ್ಕು ನಾಲ್ಕು ತಿಂಗಳಿಂದ ಏನನ್ನೂ ಬರೆದುಕೊಂಡಿರಲಿಲ್ಲ. ಯಾರೋ ಇಸ್ತ್ರಿ ಮಾಡಲು ಪ್ಲಗ್ಗು ಕಿತ್ತಿದ್ದರು.

ಕೊನೆಗೆ ಉಳಿಯುವುದು ಪಾಸ್‌ವರ್ಡು. ಎಲ್ಲ ಬೀಗ ಹಾಕಿ, ಬೀಗದ ಕೈ ನಿಮ್ಮ ತಲೆಯಲ್ಲಿ ಮಾತ್ರ ಇದ್ದರೆ ಮನೆಯವರಿಗೆ ಅದು ಕಬ್ಬಿಣದ ಪೆಟ್ಟಿಗೆ ಅಷ್ಟೇ. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆಯಿರಿ: ಯಾವ ಡಿಸ್ಕು ಎಲ್ಲಿದೆ, ಹೇಗೆ ತೆರೆಯಬೇಕು, ಪಾಸ್‌ವರ್ಡು ಏನು, ತಿಳಿಯದಿದ್ದರೆ ಯಾರನ್ನು ಕೇಳಬೇಕು. ನಮ್ಮ ಮನೆಯ ಹಾಳೆ ಟ್ರಂಕಿನಲ್ಲಿ ಹೊಲದ ಪಹಣಿಯ ಜೊತೆಗಿದೆ. ಇಟ್ಟ ದಿನ ಅವ್ವ ಓದಿಸಿ ಕೇಳಿ, "ಇದರಾಗ ನಿಮ್ಮಪ್ಪನ ಭಜನಿ ಎಲ್ಲಿ ಐತಿ ಅಂತ ಬರದಿಲ್ಲಲ್ಲೋ" ಅಂದಳು. ಉಳಿದ ಆರು ಕ್ಯಾಸೆಟ್ಟಿನ ಫೋಲ್ಡರ್ ಹೆಸರನ್ನು ಕೆಳಗೆ ಸೇರಿಸಿದೆ.